ತಪ್ಪಾಯ್ತು ಎಂದರೆ ತಪ್ಪೊಪ್ಪಿಗೆಯಲ್ಲ

ಮೈಸೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಪಾರಿತೋಷಕ ತಂದುಕೊಟ್ಟ ವಿಷಯ ‘ಅಪರಾಧಿಗಳಿಗೆ ಹಕ್ಕುಗಳು ಅಗತ್ಯವೇ?’ ಎಂಬುದು. ನಾನು ‘ಅಗತ್ಯ’ ಎನ್ನುವ ಪಕ್ಷ. ವಿಷಯದಲ್ಲೇ ಮೋಸವಿದೆ ಎಂದು ಮಾತು ಆರಂಭಿಸಿದ್ದೆ. ನ್ಯಾಯಾಲಯ ತೀರ್ಪು ಕೊಡುವ ತನಕ ಮನುಷ್ಯ ಆರೋಪಿ ಮಾತ್ರ, ಅಪರಾಧಿಯಲ್ಲ; ಪ್ರಶ್ನೆ ಕೇಳಿದವರೇ ತೀರ್ಪನ್ನೂ ಕೊಟ್ಟು ಕೂತಿದ್ದಾರೆ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಆ ಪಾರಿತೋಷಕ ನಂಜನಗೂಡಿನ ನಮ್ಮ ಮನೆಯ ಶೋಕೇಸಿನಲ್ಲಿ ಈಗಲೂ ಇದೆ. ಚಿನ್ನದ ಬಣ್ಣ ಹೋಗಿ ಒಳಗಿನ ತಗಡು ಕಾಣುತ್ತಿದೆ. ಒಬ್ಬ ನೀರುಗಂಟಿಯ ಪರಿಚಯವಾಗದೆ ಹೋಗಿದ್ದರೆ ನನ್ನ ಆ ದಿನದ ವಾದವೂ ಅದರ ಪಕ್ಕದಲ್ಲೇ ಹೊಳಪು ಕಳೆದುಕೊಂಡು ಕೂತಿರುತ್ತಿತ್ತು.

ನಂಜನಗೂಡಿನ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳುತ್ತೇನೆ. ಭಾನುವಾರಗಳಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿಗಳಿಗೆ ಹೋಗಿ, ಸಂವಿಧಾನ ಕೊಟ್ಟ ಹಕ್ಕುಗಳ ಬಗ್ಗೆ ಮಾತಾಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಹಾಗೆ ಒಮ್ಮೆ ತಿ. ನರಸೀಪುರ ತಾಲ್ಲೂಕಿನ, ಬನ್ನೂರು ಕಡೆಯ ಒಂದು ಊರಿಗೆ ಹೋಗಿದ್ದೆವು. ಸುತ್ತ ಭತ್ತದ ಗದ್ದೆ, ಆಚೆ ಕಬ್ಬು, ನಡುವೆ ಪಂಚಾಯಿತಿ ಕಚೇರಿ. ಅದರ ಮುಂದೆ ಸಂಜೆ ಐದಕ್ಕೆ ಸಭೆ. ಬಾಡಿಗೆ ಮೈಕು ಚೆನ್ನಾಗಿಯೇ ಕೂಗುತ್ತಿತ್ತು. ಭಾಷಣದ ಮುಖ್ಯ ಭಾಗಕ್ಕೆ ಬಂದೆ. “ಪೊಲೀಸರು ನಿಮ್ಮನ್ನು ಠಾಣೆಗೆ ಕರೆದು ಪ್ರಶ್ನೆ ಕೇಳಿದಾಗ, ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಹಕ್ಕಿದೆ. ಅದು ಯಾವುದೆಂದರೆ...” ಎಂದು, ಚರ್ಚಾಸ್ಪರ್ಧೆಯಲ್ಲಿ ಕಲಿತಂತೆ, ಒಂದು ಕ್ಷಣ ತಡೆದೆ. ಕರೆಂಟು ಹೋಯಿತು.

ಸಭೆಯ ಹಿಂದಿನಿಂದ ಒಂದು ದನಿ ಬಂತು: “ತಪ್ಪಾಯ್ತು ಮೇಡಮ್ಮೋರೆ!”

ಎಲ್ಲರೂ ನಕ್ಕರು. ಮಾಸಿದ ಖಾಕಿ ಅಂಗಿ ತೊಟ್ಟ, ನಲವತ್ತು ದಾಟಿದ ಒಬ್ಬರು ಕೈ ಮುಗಿದು ನಿಂತಿದ್ದರು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಅವರ ಕಂಕುಳಲ್ಲಿತ್ತು. ಊರಿನ ನೀರುಗಂಟಿ; ಊರಿನ ನಲ್ಲಿಗಳಿಗೆ ನೀರು ಬಿಡುವವರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನಗೆ ವಿವರಿಸಿದರು.

“ಕರೆಂಟ್ ಓದ್ರೂ ಇವ್ನೇ ತಪ್ಪಾಯ್ತು ಅಂತಾನೆ ಕಣವ್ವ. ಪೈಪ್ ಒಡುದ್ರೂ ಇವ್ನೇ. ಮಳೆ ಬರ್ದಿದ್ರೂ ಇವ್ನೇ. ನಮ್ಗೂ ಬಯ್ಯಾಕೆ ಒಬ್ಬ ಬೇಕಲ್ಲ!”

ಕರೆಂಟು ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ನನ್ನ ವಾಕ್ಯ ಅರ್ಧಕ್ಕೇ ನಿಂತಿತು. ಫೋನ್ ನಂಬರಿದ್ದ ಕರಪತ್ರಗಳನ್ನು ಹಂಚಿ ಹೊರಟುಬಂದೆವು. ಭಾಷಣ ಪೂರ್ತಿಯಾಗದೆ ಹೋದದ್ದಕ್ಕೆ ನನಗೆ ದಾರಿಯುದ್ದಕ್ಕೂ ಕಿರಿಕಿರಿಯಾಯಿತು. ಕೈ ಮುಗಿದು ನಿಂತವರ ಬಗ್ಗೆ ಯೋಚಿಸಿದ ನೆನಪಿಲ್ಲ.

‘ತಪ್ಪಾಯ್ತು’ ಎಂಬ ಮಾತು ನನಗೆ ಹೊಸದೇನೂ ಅಲ್ಲ. ನನ್ನ ತಾತ ನಂಜನಗೂಡಿನಲ್ಲಿ ಭತ್ತದ ವ್ಯಾಪಾರ ಮಾಡುತ್ತಿದ್ದರು. ಮಠಕ್ಕೆ ನಡೆದುಕೊಳ್ಳುವ, ಹಣೆಯ ವಿಭೂತಿ ಅಳಿಸದ ಮನೆತನ. ಹೆಡತಲೆ ಕಡೆಯಿಂದ ಗಾಡಿಯಲ್ಲಿ ಮೂಟೆ ತರುವ ಆಳುಗಳು ನಮ್ಮ ಮೆಟ್ಟಿಲ ಕೆಳಗೆ ನಿಂತು “ತಪ್ಪಾಯ್ತು ಬುದ್ದಿ” ಎನ್ನುತ್ತಿದ್ದರು. ತಡವಾಗಿ ಬಂದರೂ ಹಾಗೆ ಅನ್ನುತ್ತಿದ್ದರು, ಬೇಗ ಬಂದರೂ ಹಾಗೆಯೇ. ತಾತ ಊಟ ಮಾಡುತ್ತಿದ್ದರೆ, ಅವರಿಗೆ ಹಸಿವಾದ ಹೊತ್ತಿಗೆ ತಾವು ಬಂದದ್ದಕ್ಕೂ ತಪ್ಪಾಯ್ತು. ಚಿಕ್ಕವಳಾಗಿದ್ದ ನಾನು ಅದನ್ನು ನಮಸ್ಕಾರದ ಇನ್ನೊಂದು ರೂಪ ಎಂದುಕೊಂಡಿದ್ದೆ. ಎಷ್ಟು ವಿನಯವಂತರು ಎಂದು ಅಜ್ಜಿ ಮೆಚ್ಚಿಕೊಳ್ಳುತ್ತಿದ್ದರು. ಮೆಟ್ಟಿಲ ಮೇಲಿದ್ದವರಿಗೆ ಕೆಳಗಿನ ಮಾತೆಲ್ಲ ವಿನಯವಾಗಿಯೇ ಕೇಳಿಸುತ್ತದೆ.

ಸಭೆಯಾದ ಎರಡು ತಿಂಗಳಿಗೆ, ಬೆಳಗಿನ ಎರಡನೇ ತರಗತಿ ಮುಗಿಸಿ ಹೊರಬರುವಾಗ ಫೋನು ಬಂತು.

“ಮೈಕ್ ಮೇಡಮ್ಮೋರಾ? ನಾನು ನೀರುಗಂಟಿ ಎಂಡ್ರು. ನಿನ್ನೆ ಬೆಳುಗ್ಗೆ ಅವುರ್ನ ಟೇಸನ್‌ಗೆ ಕರ್ಕಂಡೋದೋರು ಇನ್ನೂ ಬುಟ್ಟಿಲ್ಲ. ಕೇಬಲ್ ಕದ್ದವ್ನೆ ಅಂತಾವ್ರೆ. ಅದೇನೋ ಅಕ್ಕು ಅದೆ ಅಂದ್ರಲ್ಲ, ಅದೇನು ಬಂದ್ ಏಳಿ.”

ಅರ್ಧ ದಿನದ ರಜೆ ಬರೆದುಕೊಟ್ಟು ನರಸೀಪುರದ ಬಸ್ಸು ಹತ್ತಿದೆ.

ನಡೆದದ್ದು ಇಷ್ಟು. ಊರಿನ ಪಂಪ್‌ಹೌಸಿನಿಂದ ಮೋಟರಿಗೆ ಹೋಗುವ ತಾಮ್ರದ ಕೇಬಲ್ಲನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಪಂಪ್‌ಹೌಸಿನ ಬೀಗದ ಕೈ ಇರುವುದು ನೀರುಗಂಟಿಯ ಬಳಿ. ಬೀಗ ಮುರಿದಿರಲಿಲ್ಲ, ಆದರೆ ಹಿಂದಿನ ಕಿಟಕಿಗೆ ಸರಳುಗಳೂ ಇರಲಿಲ್ಲ. ಪಂಚಾಯಿತಿ ಅಧ್ಯಕ್ಷರು ಕಚೇರಿಯಲ್ಲಿ ಹತ್ತು ಜನರ ಮುಂದೆ ಅವರನ್ನು ಕರೆಸಿ, “ಏನ್ಲಾ ಇದು?” ಎಂದು ಕೇಳಿದ್ದರು. ನೀರುಗಂಟಿ ಕೈ ಮುಗಿದು “ತಪ್ಪಾಯ್ತು ಸಾ” ಎಂದಿದ್ದರು. ಅಧ್ಯಕ್ಷರು ಕೊಟ್ಟ ದೂರಿನಲ್ಲಿ ಆ ಎರಡು ಪದಗಳು ಹೀಗಾಗಿದ್ದವು: ‘ಸದರಿ ವ್ಯಕ್ತಿಯು ಎಲ್ಲರ ಸಮಕ್ಷಮ ತಾನು ಕಳ್ಳತನ ಮಾಡಿದ್ದಾಗಿ ತಪ್ಪು ಒಪ್ಪಿಕೊಂಡಿರುತ್ತಾನೆ.’

ಠಾಣೆಯ ಹೆಸರು ಇಲ್ಲಿ ಬೇಡ. ಯಾವ ಠಾಣೆಯಾದರೂ ಇದೇ ಬೆಂಚು, ಇದೇ ಗೋಡೆ. ನೀರುಗಂಟಿ ಬೆಂಚಿನ ತುದಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು, ನಿರೀಕ್ಷಿಸಿದ್ದಂತೆಯೇ, “ತಪ್ಪಾಯ್ತು ಮೇಡಮ್ಮೋರೆ, ನಿಮ್ಗೂ ತೊಂದ್ರೆ” ಎಂದರು. ನಾನು ಮುಖ್ಯ ಪೇದೆಯನ್ನು ಕೇಳಿದೆ.

“ಇವರನ್ನು ಬಂಧಿಸಿದ್ದೀರಾ?”

“ಇಲ್ಲ ಮೇಡಂ. ಸುಮ್ನೆ ವಿಚಾರಣೆಗೆ ಕೂರ್ಸಿದೀವಿ.”

“ಹಾಗಾದರೆ ಅವರು ಎದ್ದು ಮನೆಗೆ ಹೋಗಬಹುದು.”

“ಅದೆಂಗಾಯ್ತದೆ ಮೇಡಂ?”

“ಹೋಗಬಾರದು ಅಂದರೆ ಅದು ಬಂಧನ. ಬಂಧನವಾದರೆ ಕಾರಣ ತಿಳಿಸಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿನ್ನೆ ಬೆಳಿಗ್ಗೆ ಎಂಟಕ್ಕೆ ಕರೆತಂದಿದ್ದೀರಿ, ಈಗ ಗಂಟೆ ಒಂದು. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ.”

ಅವರು ಪೆನ್ನು ಕೆಳಗಿಟ್ಟರು. “ಕಾಲೇಜಲ್ಲಿ ಪಾಠ ಮಾಡಾಕೆ ಚೆಂದ ಕಣ್ರೀ ಇವೆಲ್ಲ. ಅವ್ನೇ ಒಪ್ಕಂಡವ್ನೆ, ನಿಮ್ದೇನು? ನೋಡಿ ಬೇಕಾದ್ರೆ.”

ನನ್ನ ಮುಂದೆ ಹಿಡಿದ ಕಾಗದದ ತಲೆಯಲ್ಲಿ ‘ಸ್ವ-ಇಚ್ಛಾ ಹೇಳಿಕೆ’ ಎಂದಿತ್ತು. ಕೇಬಲ್ಲನ್ನು ಹೇಗೆ ಕತ್ತರಿಸಿದೆ, ಹೇಗೆ ಸುತ್ತಿದೆ, ಗುರುತಿಲ್ಲದ ಗುಜರಿಯವನಿಗೆ ಹೇಗೆ ಮಾರಿದೆ ಎಂದು ಒಂದು ಪುಟ ತುಂಬ ಇತ್ತು. ಕೆಳಗೆ ನೀರುಗಂಟಿಯ ಸಹಿ.

“ಇದನ್ನೆಲ್ಲ ನೀವು ಹೇಳಿದಿರಾ?”

“ಇಲ್ಲ ಮೇಡಮ್ಮೋರೆ. ಕೇಬಲ್ಲು ಓಗದೆ, ನೋಡ್ಕಳದು ನಿನ್ ಕೆಲ್ಸ ತಾನೆ ಅಂದ್ರು. ಊ ಕಣ್ ಸಾ, ತಪ್ಪಾಯ್ತು ಅಂದೆ. ಅಷ್ಟೇಯ. ಮಿಕ್ಕುದ್ದು ಅವ್ರೇ ಬರ್ಕಂಡ್ರು.”

“ಹೊಡೆದರಾ?”

“ಇಲ್ಲ ಇಲ್ಲ. ಟೀ ಕೊಡ್ಸುದ್ರು.”

ಅದನ್ನು ನಾನು ಒತ್ತಿ ಹೇಳಲೇಬೇಕು. ಅವರನ್ನು ಯಾರೂ ಹೊಡೆಯಲಿಲ್ಲ. ಅವರ ಮಾತನ್ನು ಯಾರೂ ಕೇಳಿಸಿಕೊಳ್ಳಲೂ ಇಲ್ಲ. ಪೊಲೀಸ್ ದೌರ್ಜನ್ಯವೆಂದರೆ ಲಾಠಿ ಎಂದಷ್ಟೇ ತಿಳಿದವರು, ಒಂದು ಲೋಟ ಟೀ ಕೊಟ್ಟು ಬರೆಸಿಕೊಂಡ ಆ ಒಂದು ಪುಟವನ್ನು ಓದಬೇಕು.

ಬೆಂಚಿನ ಬಳಿ ನೀರುಗಂಟಿ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. “ನಂಗೂ ಗ್ಯಾಪ್ಕ ಇತ್ತು ಮೇಡಮ್ಮೋರೆ. ಪೊಲೀಸ್ನೋರು ಕೇಳುದ್ರೆ ನಿಮ್ಗೊಂದು ಅಕ್ಕದೆ ಅಂದ್ರಲ್ಲ. ಯಾವ್ದು ಅನ್ನೋವತ್ಗೆ ಮೈಕ್ ನಿಂತೋಯ್ತು.”

ಆ ಕ್ಷಣದಲ್ಲಿ ನನಗಾದ ನಾಚಿಕೆ ಯಾವ ಸೋಲಿನಲ್ಲೂ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವ ಹಕ್ಕಿನ ಬಗ್ಗೆ ಹೇಳಲು ಹೊರಟವಳು, ಚಪ್ಪಾಳೆಗೆಂದು ಒಂದು ಕ್ಷಣ ತಡೆದು, ಅದನ್ನು ಹೇಳದೆಯೇ ಬಂದಿದ್ದೆ.

ಆ ಮಧ್ಯಾಹ್ನವೇ ಪೊಲೀಸರು ಕಾಗದದ ಮೇಲೆ ಬಂಧನ ತೋರಿಸಿ, ಅವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಅವರ ಹೆಂಡತಿಯ ಅಣ್ಣ ತನ್ನ ತುಂಡು ಹೊಲದ ಪಹಣಿ ತಂದು ಜಾಮೀನು ನಿಂತ. ನೀರುಗಂಟಿ ಮನೆಗೆ ಬಂದರು. ಪಂಚಾಯಿತಿ ಬೀಗದ ಕೈ ಕಿತ್ತುಕೊಂಡು ಕೆಲಸಕ್ಕೆ ಬರಬೇಡ ಎಂದಿತು. ಹದಿನಾರು ವರ್ಷ ದುಡಿದ ಮೇಲೆ, ಕೆಲಸ ಕಾಯಂ ಮಾಡುವಂತೆ ಮೇಲಕ್ಕೆ ಕಳಿಸುವ ಪಟ್ಟಿಯಲ್ಲಿ ಅವರ ಹೆಸರು ಮೊದಲ ಸಲ ಬಂದಿತ್ತು. ಶಿಕ್ಷೆಯಾದರೆ ಆ ಹೆಸರಿನ ಮೇಲೆ ಗೆರೆ ಬೀಳುತ್ತದೆ ಎಂದು ಕಾರ್ಯದರ್ಶಿ ಬಾಯಲ್ಲಿ ಹೇಳಿದ್ದರು. ಅವರು ಕಳೆದುಕೊಳ್ಳಲಿದ್ದದ್ದು ಅದು: ಹದಿನಾರು ವರ್ಷದ ಕೆಲಸ, ಜೊತೆಗೆ ಮನೆತನದ ಮಾನ.

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ದಿನಾ ಕೇಳುತ್ತಿದ್ದರು: “ನಿಮ್ಮ ಕಳ್ಳ ಹೇಗಿದ್ದಾನೆ ಮೇಡಂ?” ತಪ್ಪು ಮಾಡದವನಿಗೆ ಭಯವೇಕೆ, ಹಕ್ಕು ಬೇಕಾದದ್ದು ಮಾಡಿದವನಿಗೆ ತಾನೆ ಎಂಬುದು ಅವರ ವಾದ. ಒಂದು ದಿನ ನಾನು ಅವರ ಹಾಜರಿ ಪುಸ್ತಕ ತೆರೆದು, ಸಹಿಯಿಲ್ಲದ ಒಂದು ದಿನವನ್ನು ತೋರಿಸಿ ಇದೇನು ಎಂದೆ. “ಅಯ್ಯೋ ತಪ್ಪಾಯ್ತು” ಎಂದು ಪೆನ್ನು ತೆಗೆದರು. “ಕೆಲಸಕ್ಕೆ ಬರದೆ ಸಂಬಳ ತೆಗೆದುಕೊಂಡದ್ದನ್ನು ಎಲ್ಲರ ಸಮಕ್ಷಮ ಒಪ್ಪಿಕೊಂಡಿರುತ್ತೀರಿ” ಎಂದೆ. ಅಂದಿನಿಂದ ಅವರು ನನ್ನ ಜೊತೆ ಕಾಫಿಗೆ ಬರುವುದನ್ನು ಬಿಟ್ಟರು.

ಆ ಮಾತಿನ ವ್ಯಾಕರಣವನ್ನು ಯಾರಾದರೂ ಗಮನಿಸಿದ್ದೀರಾ? ಮಳೆಯಾಯ್ತು, ಬೆಳಗಾಯ್ತು, ಊಟ ಆಯ್ತು, ತಪ್ಪಾಯ್ತು. ಮಾಡಿದವನು ಯಾರೆಂಬುದು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಒಂದು ತಪ್ಪು ಜಗತ್ತಿನಲ್ಲಿ ಸಂಭವಿಸಿದೆ, ಅದರಿಂದ ನಿಮಗೆ ನೋವಾಗಿದ್ದರೆ ನನಗೂ ನೋವು ಎನ್ನುವಷ್ಟೇ ಅದರ ಅರ್ಥ. ಶಿಕ್ಷೆ ಕೊಡುವ ಕಾನೂನಿಗೆ ಮಾತ್ರ ಮಾಡಿದವನು ಬೇಕು. ಆದ್ದರಿಂದ ಬರೆದುಕೊಳ್ಳುವವರು ‘ಆಯ್ತು’ ಎಂಬಲ್ಲಿ ‘ಮಾಡಿದೆ’ ಎಂದು ತಿದ್ದಿಕೊಳ್ಳುತ್ತಾರೆ. ಒಂದು ಕ್ರಿಯಾಪದ ಬದಲಾಯಿತು. ಒಬ್ಬ ಮನುಷ್ಯ ಒಳಗೆ ಹೋದ.

ಉಚಿತ ಕಾನೂನು ನೆರವಿನಲ್ಲಿ ಸಿಕ್ಕ ವಕೀಲರು ಕೋಟಿನ ತೋಳು ಸವೆದ ಹಿರಿಯರು. ನರಸೀಪುರದ ನ್ಯಾಯಾಲಯದ ಮುಂದಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ನೇರವಾಗಿ ಹೇಳಿದರು.

“ನೋಡಿ ಮೇಡಂ, ಪೊಲೀಸರ ಮುಂದೆ ಕೊಟ್ಟ ಹೇಳಿಕೆ ನಿಲ್ಲಲ್ಲ, ಅದು ಬಿಡಿ. ಪಂಚಾಯ್ತಿಲಿ ಹತ್ತು ಜನರ ಮುಂದೆ ಅಂದಿದಾನಲ್ಲ, ಅದು ಕಷ್ಟ. ಸಣ್ಣ ಕಳವು, ಸಂಕ್ಷಿಪ್ತ ವಿಚಾರಣೆ. ಒಪ್ಪಿಕೊಂಡುಬಿಟ್ರೆ ಅವತ್ತೇ ಮುಗಿಯುತ್ತೆ. ದಂಡ ಹಾಕಿ ಕಳಿಸ್ತಾರೆ. ಇಲ್ಲಾಂದ್ರೆ ವಾಯಿದೆ ಮೇಲೆ ವಾಯಿದೆ, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಯ್ತು. ನಾನು ಮೂವತ್ತು ವರ್ಷದಿಂದ ನೋಡ್ತಾ ಇದೀನಿ.”

“ಮಾಡದ್ದನ್ನು ಒಪ್ಪಿಕೊಳ್ಳಿ ಎನ್ನುತ್ತಿದ್ದೀರಾ?”

“ಮಾಡಿದಾನೋ ಇಲ್ವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅವನು ಬದುಕೋದು ಹೇಗೆ ಅನ್ನೋದು ಮಾತ್ರ ನನ್ನ ಪ್ರಶ್ನೆ.”

ಅವರ ಮಾತಿನಲ್ಲಿ ಸತ್ಯವಿತ್ತು. ಸತ್ಯವಿದ್ದದ್ದರಿಂದಲೇ ನನಗೆ ರೋಷ ಬಂತು. ನಿರಪರಾಧಿಯಾಗಿರುವುದು ತಪ್ಪೊಪ್ಪಿಕೊಳ್ಳುವುದಕ್ಕಿಂತ ದುಬಾರಿ ಎನ್ನುವ ವ್ಯವಸ್ಥೆಯಲ್ಲಿ ಹಕ್ಕುಗಳ ಪುಸ್ತಕವನ್ನು ಯಾವ ಮುಖ ಇಟ್ಟುಕೊಂಡು ಪಾಠ ಮಾಡಲಿ?

ವಾಯಿದೆಗೆ ಎರಡು ದಿನ ಮುಂಚೆ ಅವರ ಮನೆಗೆ ಹೋದೆ. ಶೀಟಿನ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನವರ ಪಟ. ನ್ಯಾಯಾಧೀಶರು ಕೇಳಿದಾಗ ಏನು ಹೇಳಬೇಕೆಂದು ಅಭ್ಯಾಸ ಮಾಡಿಸೋಣ ಎಂಬುದು ನನ್ನ ಯೋಜನೆ. ಅವರ ಹೆಂಡತಿ ತಾನೇ ಜಡ್ಜು ಆಗುವುದಾಗಿ ಹೇಳಿ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತರು.

“ಏನ್ಲಾ, ಕದ್ಯಾ?”

“ಜಡ್ಜ್ ಸಾಯೇಬ್ರು ಏನ್ಲಾ ಅನ್ನಕಿಲ್ಲ ಕಣಮ್ಮಿ.”

“ನಾ ಅಂತೀನಿ. ಏಳು, ಕದ್ಯಾ?”

“ನಾ ಕದಿನಿಲ್ಲ ಸಾ.”

“ಜೋರಾಗ್ ಏಳು, ಕೇಳ್ನಿಲ್ಲ.”

“ತಪ್ಪಾಯ್ತು ಸಾ, ನಾ ಕದಿನಿಲ್ಲ.”

ಹೆಂಡತಿ ಹಣೆ ಚಚ್ಚಿಕೊಂಡರು. “ಅಯ್ಯೋ ನಿನ್ ಬಾಯ್ಗೆ ಬೀಗ ಜಡಿಯಾ! ಕಳ್ಳನ್ ಎಂಡ್ರು ಅಂತ ನಾನು ನಲ್ಲಿ ತಾವ ಬಿಂದ್ಗೆ ಇಕ್ಕಂಗಿಲ್ಲ, ನಿಂಗೆ ಇನ್ನೂ ತಪ್ಪಾಯ್ತು!”

ಹತ್ತು ಸಲ ಮಾಡಿಸಿದೆವು. ಹತ್ತರಲ್ಲಿ ಆರು ಸಲ ಆ ಮಾತು ನುಸುಳಿತು. ನಾನು ತಾಳ್ಮೆ ಕಳೆದುಕೊಂಡೆ. ಹೀಗೆ ತಲೆ ಬಗ್ಗಿಸಬೇಡಿ, ನೇರ ನೋಡಿ, ಇದು ನಿಮ್ಮ ಹಕ್ಕು, ಎಷ್ಟು ಸಲ ಹೇಳಬೇಕು ಎಂದು ದನಿ ಏರಿಸಿದೆ. ಅವರು ತಟ್ಟನೆ ಎದ್ದು ನಿಂತು, ಕೈ ಮುಗಿದು, “ತಪ್ಪಾಯ್ತು ಮೇಡಮ್ಮೋರೆ” ಎಂದರು.

ನನಗೆ ತಾತನ ಮೆಟ್ಟಿಲು ಕಾಣಿಸಿತು. ಅದರ ಮೇಲೆ ಈಗ ನಾನಿದ್ದೆ.

ನೀರುಗಂಟಿ ಜಗಲಿಯ ಅಂಚಿಗೆ ಕೂತು ಮಾತಾಡಿದರು. “ನಮ್ಮಪ್ಪ ತಪ್ಪಾಯ್ತು ಬುದ್ದಿ ಅಂತಿದ್ದ. ಬುದ್ದಿ ಅನ್ನೋದ ನಾ ಬುಟ್ಟೆ. ತಪ್ಪಾಯ್ತು ಅನ್ನೋದು ಬಾಯಲ್ಲೇ ಉಳ್ಕಂಬುಟ್ಟದೆ. ನೀರ್ ಬರ್ದಿದ್ರೆ ಎಣ್ಮಕ್ಳು ಬಿಂದ್ಗೆ ಇಡ್ಕಂಡು ನಿಂತಿರ್ತರೆ. ಅವ್ರ ಕಷ್ಟ ನೋಡಿ ಇನ್ನೇನ್ ಅನ್ಲಿ? ಕರೆಂಟ್ನೋರು ಬಂದ್ ಅಂತಾರಾ?” ಆಮೇಲೆ ಕೇಳಿದರು: “ವಕೀಲ್ರು ಒಪ್ಕೊ ಅಂತಾರೆ. ನೀವು ಬ್ಯಾಡ ಅಂತೀರಿ. ನಾ ಒಪ್ಕಂಡ್ರೆ ನಿಮ್ಗೆ ಬೇಜಾರಾ?”

ಬೇಜಾರು ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಹಕ್ಕು ಅವರದು. ಅದನ್ನು ಚಲಾಯಿಸುವುದೂ ಅವರದೇ, ಬಿಟ್ಟುಕೊಡುವುದೂ ಅವರದೇ. ಪೊಲೀಸರು ಅವರ ಬಾಯಲ್ಲಿ ‘ಮಾಡಿದೆ’ ಎಂದು ಇಟ್ಟರು. ನಾನು ‘ಮಾಡಿಲ್ಲ’ ಎಂದು ಇಡಲು ಹೊರಟಿದ್ದೆ. “ನಿಮಗೆ ಸರಿ ಕಂಡದ್ದನ್ನು ಹೇಳಿ. ಒಪ್ಪಿಕೊಂಡರೂ ನಾನು ನಿಮ್ಮ ಜೊತೆಗೇ ಬರುತ್ತೇನೆ” ಎಂದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣ ಅದು.

ವಾಯಿದೆಯ ದಿನ ನ್ಯಾಯಾಲಯದ ಅಂಗಳದಲ್ಲಿ ಜನ ತುಂಬಿದ್ದರು. ಹನ್ನೊಂದೂವರೆಗೆ ಜವಾನ ಬಾಗಿಲಿಗೆ ಬಂದು ನೀರುಗಂಟಿಯ ಹೆಸರು ಕೂಗಿದ. ಅವರು ಇರಲಿಲ್ಲ. ಎರಡನೇ ಸಲ ಕೂಗಿದ. ನಾನು ಹೊರಗೆ ಓಡಿ ನೋಡಿದರೆ, ಅಂಗಳದ ಮೂಲೆಯಲ್ಲಿ ಸೋರುತ್ತಿದ್ದ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ತಿರುವುತ್ತಿದ್ದಾರೆ! ಮೂರನೇ ಕೂಗಿಗೆ ಒದ್ದೆ ಕೈಯಲ್ಲೇ ಓಡಿಬಂದು ಕಟಕಟೆಯಲ್ಲಿ ನಿಂತರು. ಬೆರಳಿಂದ ನೀರು ತೊಟ್ಟಿಕ್ಕುತ್ತಿತ್ತು.

ನ್ಯಾಯಾಧೀಶರು ಇನ್ನೂ ಯುವಕರು. ಆರೋಪವನ್ನು ಸರಳ ಕನ್ನಡದಲ್ಲಿ ಓದಿ ಹೇಳಿದರು: ಇಂಥ ದಿನ, ಪಂಚಾಯಿತಿಯ ಪಂಪ್‌ಹೌಸಿನಿಂದ ತಾಮ್ರದ ಕೇಬಲ್ಲನ್ನು ಕದ್ದಿದ್ದೀರಿ ಎಂದು ಆಪಾದನೆ. “ಒಪ್ಪಿಕೊಳ್ತೀರಾ?”

ನೀರುಗಂಟಿ ನೆಲದ ಮೇಲೆ ಬಿದ್ದ ನೀರನ್ನು ನೋಡಿದರು. ಕೈಯನ್ನು ಅಂಗಿಗೆ ಒರೆಸಿಕೊಂಡರು. “ತಪ್ಪಾಯ್ತು ಸಾ” ಎಂದರು.

ಬೆರಳಚ್ಚಿನವರ ಕೀಲಿಮಣೆಯ ಸದ್ದು ಶುರುವಾಯಿತು. ಅದು ಮುಗಿಯುವುದರೊಳಗೆ ಎಲ್ಲವೂ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಒಪ್ಪಿಕೊಂಡರೂ ಜೊತೆಗಿರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆದರೆ ಇದು ಒಪ್ಪಿಗೆಯಲ್ಲ ಎಂಬುದು ಆ ಕೊಠಡಿಯಲ್ಲಿ ಅವರ ಹೆಂಡತಿಯನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ಎದ್ದು ನಿಂತೆ.

“ಸ್ವಾಮಿ, ಅದು ತಪ್ಪೊಪ್ಪಿಗೆಯಲ್ಲ.”

“ಯಾರು ನೀವು? ವಕೀಲರಾ?”

“ಅಲ್ಲ.”

“ಹಾಗಾದರೆ ಕೂತ್ಕೊಳ್ಳಿ.”

“ಆರೋಪಿಯ ಉತ್ತರವನ್ನು ಆದಷ್ಟೂ ಅವರ ಮಾತಿನಲ್ಲೇ ಬರೆದುಕೊಳ್ಳಬೇಕು ಎನ್ನುತ್ತದೆ ಕಾನೂನು. ಅವರ ಮಾತು...”

“ಇನ್ನೊಂದು ಮಾತಾಡಿದ್ರೆ ಹೊರಗೆ ಕಳಿಸಬೇಕಾಗುತ್ತೆ.”

ಅವರು ಹೇಳಿದ್ದು ಸರಿ. ಅಲ್ಲಿ ಮಾತಾಡುವ ಅಧಿಕಾರ ನನಗಿರಲಿಲ್ಲ. ಆದರೂ ನಾನು ಕೂರಲಿಲ್ಲ. ಬಾಯಿ ಮುಚ್ಚಿಕೊಂಡು ನಿಂತೇ ಇದ್ದೆ. ಆಗ ಮುಂದಿನ ಸಾಲಿನಿಂದ ಆ ಸವೆದ ಕೋಟಿನ ಹಿರಿಯರು ನಿಧಾನವಾಗಿ ಎದ್ದರು. ಒಪ್ಪಿಕೊ ಎಂದು ಬುದ್ಧಿ ಹೇಳಿದ್ದವರು.

“ಸ್ವಾಮಿ, ನನ್ನ ಕಕ್ಷಿದಾರ ಯಾವುದಕ್ಕೆ ತಪ್ಪಾಯ್ತು ಅಂದ ಅಂತ ಒಂದು ಸಲ ಕೇಳಬೇಕು ಅಂತ ನನ್ನ ಪ್ರಾರ್ಥನೆ. ಅಷ್ಟೇ.”

ನ್ಯಾಯಾಧೀಶರು ಕೈ ಎತ್ತಿದರು. ಕೀಲಿಮಣೆ ನಿಂತಿತು.

“ಯಾವುದಕ್ಕೆ ತಪ್ಪಾಯ್ತು ಅಂದ್ರಿ?”

“ಮೂರು ಕಿತ ಕೂಗುದ್ರಿ ಸಾ, ನಾ ಬರ್ನಿಲ್ಲ. ಈಚ್ಗೆ ನಲ್ಲಿ ಸೋರ್ತಿತ್ತು. ವಾಸರ್ ಓಗದೆ. ತಿರುವ್ತಾ ನಿಂತ್ಬುಟ್ಟೆ. ಇಲ್ಲೂ ನೀರ್ ಮಾಡ್ಬುಟ್ಟೆ. ಅದುಕ್ಕೆಯ.”

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ನ್ಯಾಯಾಧೀಶರು ನಗಲಿಲ್ಲ.

“ಕೇಬಲ್ ವಿಷಯ?”

ಅವರು ತಲೆ ಎತ್ತಿದರು. ನನ್ನ ಕಡೆ ನೋಡುತ್ತಾರೆ ಎಂದುಕೊಂಡೆ, ನೋಡಲಿಲ್ಲ. ಹೆಂಡತಿಯ ಕಡೆಯೂ ನೋಡಲಿಲ್ಲ. “ಅದ ನಾ ಮುಟ್ನಿಲ್ಲ ಸಾ. ಅದುಕ್ಕೆ ತಪ್ಪಾಯ್ತು ಅನ್ನಕಿಲ್ಲ.”

“ಅವರು ಹೇಳಿದ ಹಾಗೇ ಬರ್ಕೊಳ್ಳಿ” ಎಂದರು ನ್ಯಾಯಾಧೀಶರು.

ಅಂಗಳಕ್ಕೆ ಬಂದ ಮೇಲೆ ವಕೀಲರು ನನ್ನನ್ನು ಗದರಿಸಿದರು. “ಮೂವತ್ತು ವರ್ಷದಲ್ಲಿ ನನ್ನ ಕಕ್ಷಿದಾರರ ಪರ ಯಾರೂ ನನಗಿಂತ ಮುಂಚೆ ಎದ್ದಿರಲಿಲ್ಲ ಮೇಡಂ. ಇನ್ನೊಂದು ಸಲ ಹಾಗೆ ಮಾಡಬೇಡಿ.” ಕೋಟು ಸರಿಮಾಡಿಕೊಂಡು, “ಮಾಡೋದಾದ್ರೆ ನನಗೊಂದು ಸನ್ನೆ ಮಾಡಿ” ಎಂದರು.

ಮುಂದೆ ಅವರು ಹೇಳಿದ್ದಂತೆಯೇ ಆಯಿತು. ವಾಯಿದೆ ಮೇಲೆ ವಾಯಿದೆ. ವರ್ಷ ಕಳೆಯಿತು. ಕೆಲಸ ಕಾಯಂ ಮಾಡುವ ಪಟ್ಟಿ ಅವರ ಹೆಸರಿಲ್ಲದೆಯೇ ಮೇಲಕ್ಕೆ ಹೋಯಿತು. ನೀರುಗಂಟಿ ಕಬ್ಬು ಕಡಿಯುವ ಕೂಲಿಗೆ ಹೋದರು. ಕೊನೆಗೆ ಅಧ್ಯಕ್ಷರು ಸಾಕ್ಷಿ ಹೇಳಲು ಬಂದ ದಿನ, ವಕೀಲರು ನಾಲ್ಕೇ ಪ್ರಶ್ನೆ ಕೇಳಿದರು.

“ಕರೆಂಟ್ ಹೋದಾಗ ಇವರು ಏನಂತಾರೆ?”

“ತಪ್ಪಾಯ್ತು ಅಂತಾನೆ ಸಾ.”

“ಪೈಪ್ ಒಡೆದಾಗ?”

“ಅದೇ ಅಂತಾನೆ.”

“ಮಳೆ ಬರದೇ ಇದ್ದಾಗ?”

ಅಧ್ಯಕ್ಷರಿಗೆ ದಾರಿ ಎತ್ತ ಹೋಗುತ್ತಿದೆ ಎಂದು ಅಷ್ಟರಲ್ಲಿ ಹೊಳೆದಿತ್ತು. ಪ್ರಮಾಣ ಮಾಡಿ ನಿಂತಿದ್ದರಿಂದ, “ಅದುಕ್ಕೂ ಅಂತಾನೆ” ಎಂದರು.

“ಹಾಗಾದ್ರೆ ಮಳೇನ ಯಾರು ಕದ್ರು ಅಂತ ದೂರು ಕೊಟ್ಟಿದೀರಾ?”

ಬಿಡುಗಡೆಯ ತೀರ್ಪು ಬಂತು. ಕೇಬಲ್ಲು ಯಾರು ಕದ್ದರೆಂದು ಇಂದಿಗೂ ಪತ್ತೆಯಾಗಿಲ್ಲ. ಹುಡುಕಿದವರೂ ಇಲ್ಲ, ಆ ಮೊದಲ ದಿನದ ಎರಡು ಪದಗಳು ಸಿಕ್ಕ ಮೇಲೆ ಯಾರೂ ಕಿಟಕಿಯ ಕಡೆ ತಿರುಗಿ ನೋಡಲಿಲ್ಲ. ಒಬ್ಬ ಆರೋಪಿಯ ಹಕ್ಕನ್ನು ತುಳಿದಾಗ ಕಳ್ಳನಿಗೆ ಸಿಗುವ ರಕ್ಷಣೆ ಇದು. ಹಕ್ಕುಗಳಿಂದ ಕಳ್ಳರಿಗೆ ಲಾಭ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ತೀರ್ಪಿನ ನಕಲು ಹಿಡಿದು ನಾವು ಮೂವರು, ನೀರುಗಂಟಿ, ಅವರ ಹೆಂಡತಿ, ನಾನು, ಪಂಚಾಯಿತಿ ಕಚೇರಿಗೆ ಹೋದೆವು. ಬೆಳಗಿನ ಹೊತ್ತು. ಅಧ್ಯಕ್ಷರು ತೀರ್ಪನ್ನು ಓದಲಿಲ್ಲ, ಪಕ್ಕಕ್ಕಿಟ್ಟರು. ಮೇಜಿನ ಮೇಲೆ ಪಂಪ್‌ಹೌಸಿನ ಬೀಗದ ಕೈ ಇತ್ತು. ಅದರ ಮೇಲೆ ಕೈ ಇಟ್ಟುಕೊಂಡು ನಗುತ್ತ ಹೇಳಿದರು.

“ಆಗಿದ್ದಾಯ್ತು ಬುಡ್ಲಾ. ನಂಗೇನ್ ನಿನ್ ಮ್ಯಾಲೆ ದ್ವೇಸ್ವಾ? ಊರ್ನೋರ್ನ ಕೋರ್ಟಿಗೆ ಅಲೆದಾಡ್ಸಿದ್ದೀಯ. ಎಲ್ಲಾರ್ ಮುಂದೆ ಒಂದ್ಸಲ ತಪ್ಪಾಯ್ತು ಅಂದ್ಬುಡು, ಮುಗೀತು. ಲಿಸ್ಟ್‌ಗೂ ನಿನ್ ಎಸ್ರು ಸೇರ್ಸಿ ಇನ್ನೊಂದ್ಸಲ ಮೇಲಕ್ಕೆ ಕಳಿಸ್ತೀನಿ.”

ಹದಿನಾರು ವರ್ಷದ ಕೆಲಸ ಒಂದು ಮಾತಿನ ಆಚೆ ಕಡೆ ಇತ್ತು. ಸಾವಿರ ಸಲ ಆಡಿದ ಮಾತು. ಅವರಿಗೆ ಅದು ಉಸಿರಿನಷ್ಟೇ ಸಲೀಸು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಏನಾದರೂ ಹೇಳುವ ಹಕ್ಕು ನನ್ನದಾಗಿರಲಿಲ್ಲ.

ನೀರುಗಂಟಿ ಅಧ್ಯಕ್ಷರ ಮುಖವನ್ನು ನೋಡುತ್ತ ನಿಂತರು. ಕೈ ಮುಗಿಯಲಿಲ್ಲ. ತಲೆ ಬಗ್ಗಿಸಲಿಲ್ಲ. ಬಾಯಿ ತೆರೆಯಲಿಲ್ಲ. ಕಚೇರಿಯ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ಹೊರಗೆ ಬಿಂದಿಗೆಗಳ ಸದ್ದು ಕೇಳುತ್ತಿತ್ತು. ಅಧ್ಯಕ್ಷರ ನಗು ಮೊದಲು ಸಣ್ಣದಾಗಿ, ಆಮೇಲೆ ಇಲ್ಲವಾಯಿತು. ಆ ಸಭೆಯ ಸಂಜೆ ಕರೆಂಟು ಹೋಗಿ ಅರ್ಧಕ್ಕೆ ನಿಂತಿದ್ದ ನನ್ನ ವಾಕ್ಯವನ್ನು ನೀರುಗಂಟಿ ಒಂದು ಪದವೂ ಆಡದೆ ಪೂರ್ತಿ ಮಾಡುತ್ತಿದ್ದರು.

ಬಹಳ ಹೊತ್ತಾದ ಮೇಲೆ ಕೈ ಮುಂದೆ ಚಾಚಿದರು.

“ಕೀ ಕೊಡಿ ಸಾ” ಎಂದರು. “ನೀರ್ ಬುಡೋ ಒತ್ತಾಯ್ತು.”